ಊರಿದ ಮರದ ಬೀಜ ಹಂದಿ, ಇಲಿ, ನವಿಲಿನ ಪಾಲಾಗದಿರಲು: ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಗಾರು ಹತ್ತಿರ ಬಂತು ಅಂದರೆ ಹೊಳಲ್ಕೆರೆ, ಜಗಳೂರು, ಚನ್ನಗಿರಿ, ಹಿರಿಯೂರು ಕಡೆಯ ಗೆಳೆಯರು ಒಂದೇ ಥರದ ಪ್ರಶ್ನೆ ಕೇಳುತ್ತಾರೆ. ಬದುವಿನಲ್ಲಿ, ಗುಡ್ಡದ ಬುಡದಲ್ಲಿ, ಗೋಮಾಳದ ಅಂಚಿನಲ್ಲಿ ಹುಣಸೆ, ನೇರಳೆ, ಹಿಪ್ಪೆ ಬೀಜ ಊರಿರುತ್ತಾರೆ, ವಾರ ಬಿಟ್ಟು ಹೋಗಿ ನೋಡಿದರೆ ಗುಣಿ ಖಾಲಿ. ಕೇಳಿದ ಪ್ರಶ್ನೆಗಳನ್ನೆಲ್ಲ ಒಂದು ಕಡೆ ಸೇರಿಸಿ ಉತ್ತರ ಬರೆದಿದ್ದೇವೆ. ಓದಿ, ನಿಮ್ಮೂರಿನವರಿಗೂ ಕಳಿಸಿ.

ಬೀಜ ತಿಂದಿದ್ದು ಯಾವ ಪ್ರಾಣಿ ಅಂತ ಗೊತ್ತಾಗೋದು ಹೇಗೆ?

ಪ್ರಾಣಿಯನ್ನು ದೂರ ಇಡಲು ಬೀಜಕ್ಕೆ ಹಚ್ಚುವ ಮದ್ದಿನ ಮಾತು ಆಮೇಲೆ, ಮೊದಲು ಇದನ್ನು ತಿಳಿಯಬೇಕು. ಹಂದಿಗೆ ಹಾಕುವ ಮದ್ದು ನವಿಲಿಗೆ ಏನೂ ಮಾಡುವುದಿಲ್ಲ, ಇಲಿಗೆ ಮಾಡಿದ ಉಪಾಯ ಇರುವೆಗೆ ಆಗುವುದಿಲ್ಲ.

ಕಾಡುಹಂದಿ ಬಂದಿದ್ದರೆ ಒಂದು ಗುಣಿ ಮಾತ್ರ ಕೆದರಿರುವುದಿಲ್ಲ. ಸುತ್ತ ಅಗಲಕ್ಕೆ ನೆಲ ಉತ್ತ ಹಾಗೆ ಮಗುಚಿರುತ್ತದೆ, ಹಸಿ ಮಣ್ಣಿನಲ್ಲಿ ಗೊರಸಿನ ಗುರುತೂ ಸಿಗುತ್ತದೆ. ಇಲಿಯ ಕೆಲಸ ಚೊಕ್ಕ. ಬೀಜ ಇದ್ದ ಜಾಗಕ್ಕೆ ನೇರವಾಗಿ ಸಣ್ಣ ತೂತು, ಪಕ್ಕದಲ್ಲೇ ಕಡಿದು ಬಿಟ್ಟ ಸಿಪ್ಪೆ. ಮುಳ್ಳುಹಂದಿ ಆಳಕ್ಕೆ ತೋಡುತ್ತದೆ, ಅದೃಷ್ಟ ಇದ್ದರೆ ಒಂದೆರಡು ಮುಳ್ಳೂ ಬಿದ್ದಿರುತ್ತವೆ. ನವಿಲು, ಕೌಜುಗ ಕಾಲಿನಲ್ಲಿ ಮೇಲುಮೇಲೆ ಕೆರೆಯುತ್ತವೆ, ಹಾಗಾಗಿ ಮೇಲೆ ಹಾಕಿದ ಬೀಜ ಹೋಗುತ್ತದೆ, ಆಳದ್ದು ಉಳಿಯುತ್ತದೆ. ಮೊಲ ಬೀಜ ತೋಡುವುದು ಕಮ್ಮಿ. ಆದರೆ ಎದ್ದ ಸಸಿಯನ್ನು ಕತ್ತರಿಯಲ್ಲಿ ಓರೆಯಾಗಿ ಕತ್ತರಿಸಿದ ಹಾಗೆ ಕಡಿದು ಹೋಗುತ್ತದೆ. ಗುಣಿ ಹಾಗೇ ಇದೆ, ಬೀಜ ಮಾತ್ರ ಒಳಗೆ ಟೊಳ್ಳು, ಮಣ್ಣು ತುಂಬಿದೆ ಅಂದರೆ ಅದು ಗೆದ್ದಲು. ಸಣ್ಣ ಬೀಜ ಸಿಪ್ಪೆಯೂ ಇಲ್ಲದೆ ಮಾಯವಾಗಿದ್ದರೆ ಇರುವೆ ಹೊತ್ತಿರುತ್ತದೆ.

ಬೆಳಗ್ಗೆ ಬೇಗ ಹೋಗಿ ನೋಡಿ. ಬಿಸಿಲೇರಿ ಗಾಳಿ ಬಂದ ಮೇಲೆ ಗುರುತು ಉಳಿಯುವುದಿಲ್ಲ.

ಮದ್ದು ಹಚ್ಚಿದರೆ ಪ್ರಾಣಿ ಬರೋದೇ ಇಲ್ವಾ?

ಬರುತ್ತದೆ. ಮೂಸುತ್ತದೆ, ಕೆಲವು ಸಲ ಬಾಯಿಗೂ ಹಾಕಿಕೊಳ್ಳುತ್ತದೆ, ಖಾರವೋ ಕಹಿಯೋ ತಾಗಿ ಬಿಟ್ಟು ಮುಂದೆ ಹೋಗುತ್ತದೆ. ಮದ್ದಿನಿಂದ ನಮಗೆ ಸಿಗುವುದು ಕೆಲವು ದಿನಗಳ ಬಿಡುವು ಅಷ್ಟೇ. ಆ ಬಿಡುವಿನಲ್ಲಿ ಬೀಜ ಮೊಳೆತು ಬೇರು ಬಿಟ್ಟರೆ ಗೆದ್ದ ಹಾಗೆ. ಮೊಳಕೆ ತನ್ನೊಳಗಿನ ಸತ್ವವನ್ನು ಖರ್ಚು ಮಾಡಿಕೊಂಡ ಮೇಲೆ ತಿನ್ನುವವರಿಗೆ ಅಲ್ಲಿ ಜಾಸ್ತಿ ಏನೂ ಉಳಿದಿರುವುದಿಲ್ಲ.

ಆದ್ದರಿಂದ ಲೆಕ್ಕ ಹೀಗೆ ಹಾಕಿ: ನಿಮ್ಮ ಬೀಜ ಮೊಳೆಯಲು ಎಷ್ಟು ದಿನ ಬೇಕು, ಮದ್ದಿನ ಖಾರ, ವಾಸನೆ ಎಷ್ಟು ದಿನ ನಿಲ್ಲುತ್ತದೆ? ಹುಣಸೆ, ಬೇವು ಹದವಾದ ತೇವ ಸಿಕ್ಕರೆ ಒಂದೆರಡು ವಾರ, ಹೆಚ್ಚೆಂದರೆ ಮೂರು ವಾರದಲ್ಲಿ ಮೊಳೆಯುತ್ತವೆ. ಇಂಥವಕ್ಕೆ ಮದ್ದು ಕೈ ಹಿಡಿಯುತ್ತದೆ. ಶ್ರೀಗಂಧ ತಿಂಗಳುಗಟ್ಟಲೆ ಕಾಯಿಸುತ್ತದೆ. ಅದಕ್ಕೆ ಬರೀ ಮದ್ದು ನಂಬಿಕೊಂಡರೆ ಆಗಲ್ಲ, ಕೆಳಗೆ ಬೇರೆಯಾಗಿ ಬರೆದಿದ್ದೇವೆ.

ಮಣ್ಣಿನೊಳಗೆ ಮುಚ್ಚಿದ ಬೀಜ ಅವಕ್ಕೆ ಕಾಣೋದು ಹೇಗೆ?

ಮೂಗಿನಿಂದ. ಒಣ ಬೀಜಕ್ಕಿಂತ ನೆನೆದ ಬೀಜದ ವಾಸನೆ ಜಾಸ್ತಿ. ಮಳೆ ಬಿದ್ದು ಮಣ್ಣು ತೇವವಾದ ರಾತ್ರಿಯೇ ಇಲಿ, ಹಂದಿ ಚೆನ್ನಾಗಿ ಹುಡುಕುತ್ತವೆ. ಇನ್ನೊಂದು ಸುಳಿವು ನಾವೇ ಬಿಟ್ಟು ಬರುತ್ತೇವೆ, ಅದು ಹೊಸದಾಗಿ ಅಗೆದ ಮಣ್ಣು. ಸಾಲಾಗಿ, ಒಂದೇ ಅಳತೆಗೆ ಗುಣಿ ತೆಗೆದರೆ ಒಂದು ಸಿಕ್ಕ ಮೇಲೆ ಉಳಿದದ್ದು ಹುಡುಕುವುದು ಇಲಿಗೆ ಸಲೀಸು. ಗುಣಿಗಳನ್ನು ಸಾಲು ಬಿಟ್ಟು ಚೆದುರಿಸಿ. ಮಣ್ಣು ಮುಚ್ಚಿದ ಮೇಲೆ ಕಾಲಲ್ಲಿ ಮೆಟ್ಟಿ ಗಟ್ಟಿ ಮಾಡಿ, ಮೇಲೆ ಒಣ ಎಲೆ, ಹುಲ್ಲು ಉದುರಿಸಿ. ಖರ್ಚಿಲ್ಲದ ಕೆಲಸ ಇದು, ಮದ್ದಿನಷ್ಟೇ ಮುಖ್ಯ.

ಖಾರದ ಪುಡಿ ನಿಜವಾಗಲೂ ಕೆಲಸ ಮಾಡುತ್ತಾ?

ಹಂದಿ, ಇಲಿ, ಅಳಿಲು, ಮುಳ್ಳುಹಂದಿ, ಕೋತಿ ಇವಕ್ಕೆಲ್ಲ ಮಾಡುತ್ತದೆ. ಮೆಣಸಿನಕಾಯಿಯ ಖಾರಕ್ಕೆ ಕಾರಣ ಕ್ಯಾಪ್ಸೈಸಿನ್ ಅನ್ನುವ ಅಂಶ. ಹಾಲುಣಿಸುವ ಪ್ರಾಣಿಗಳ ಬಾಯಿ, ಮೂಗಿಗೆ ಅದು ಬೆಂಕಿಯ ಹಾಗೆ ತಾಗುತ್ತದೆ. ಹಕ್ಕಿಗಳಿಗೆ ಹಾಗಲ್ಲ, ಅವಕ್ಕೆ ಖಾರದ ಉರಿ ಗೊತ್ತೇ ಆಗುವುದಿಲ್ಲ. ಗಿಳಿ ಹಸಿಮೆಣಸಿನಕಾಯಿ ಆರಾಮಾಗಿ ತಿನ್ನೋದು ನೋಡಿದ್ದೀರಲ್ವಾ? ಹಾಗಾಗಿ ನವಿಲಿನ ಕಾಟ ಇರುವ ಕಡೆ ಖಾರ ಹಚ್ಚಿ ಪ್ರಯೋಜನ ಇಲ್ಲ.

ನಮ್ಮ ಕಡೆ ಎಲ್ಲರೂ ಮಾಡುವ ಒಂದು ಕೆಲಸ ಅಂದರೆ ಮನೆಯಲ್ಲಿರುವ ಬ್ಯಾಡಗಿ ಮೆಣಸಿನಕಾಯಿ ಪುಡಿಯನ್ನೇ ತಂದು ಹಚ್ಚುವುದು. ಬ್ಯಾಡಗಿ ಹೆಸರಾಗಿರೋದೇ ಬಣ್ಣಕ್ಕೆ, ಅದರಲ್ಲಿ ಖಾರ ಕಮ್ಮಿ. ಬೀಜ ಕೆಂಪಗಾಗುತ್ತದೆ, ಹಂದಿಗೆ ಏನೂ ಆಗುವುದಿಲ್ಲ. ಗುಂಟೂರು ಕಾಯಿ ತನ್ನಿ, ಇಲ್ಲವೇ ಸೂಜಿಮೆಣಸು ಸಿಕ್ಕರೆ ಇನ್ನೂ ಒಳ್ಳೆಯದು. ಸಂತೆಯಲ್ಲಿ ಮುರುಕು, ಬಿಳುಪಾದ ಕಾಯಿ ಕಮ್ಮಿ ಬೆಲೆಗೆ ಸಿಗುತ್ತದೆ, ನಮಗೆ ಬೇಕಾದ್ದು ಖಾರ ಮಾತ್ರ, ಹಾಗಾಗಿ ಅದೇ ಸಾಕು.

ಲೇಪ ಮಾಡುವ ವಿಧಾನ ಹೇಳಿ.

ಖಾರದ ಅಂಶ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತದೆ. ಪುಡಿಯನ್ನು ನೀರಿಗೆ ಕಲಸಿ ಬೀಜಕ್ಕೆ ಬಳಿದರೆ ಒಣಗಿದ ಮೇಲೆ ಉದುರಿಹೋಗುತ್ತದೆ. ಅದಕ್ಕೇ ಬೇವಿನ ಎಣ್ಣೆ ಬೇಕು. ಎಣ್ಣೆಯ ಕಹಿಯೂ ಸೇರುತ್ತದೆ, ಗೆದ್ದಲು, ಇರುವೆಗೂ ಸ್ವಲ್ಪ ತಡೆ ಆಗುತ್ತದೆ.

ಹುಣಸೆಯಂಥ ದಪ್ಪ ಬೀಜ ಒಂದು ಕಿಲೋಗೆ ಎರಡು ದೊಡ್ಡ ಚಮಚ ಬೇವಿನ ಎಣ್ಣೆ, ನಾಲ್ಕೈದು ಚಮಚ ಖಾರದ ಪುಡಿ. ಎಣ್ಣೆಯಲ್ಲಿ ಪುಡಿ ಕಲಸಿ ಒಂದು ರಾತ್ರಿ ಮುಚ್ಚಿಡಿ. ಬೆಳಗ್ಗೆ ಬೀಜದ ಮೇಲೆ ಹಾಕಿ ಕೋಲಿನಲ್ಲಿ ತಿರುವಿ, ಸ್ವಲ್ಪ ತೆಳು ಅಕ್ಕಿಗಂಜಿ ಚಿಮುಕಿಸಿ, ಮೇಲೆ ಜರಡಿ ಹಿಡಿದ ಬೂದಿಯನ್ನೋ ಕೆಮ್ಮಣ್ಣನ್ನೋ ಒಂದೆರಡು ಹಿಡಿ ಉದುರಿಸಿ. ಬೀಜಗಳು ಒಂದಕ್ಕೊಂದು ಅಂಟದ ಹಾಗೆ ಬಿಡಿಬಿಡಿಯಾಗಬೇಕು. ನೆರಳಿನಲ್ಲಿ ಒಂದು ದಿನ ಆರಿಸಿ. ಬಿಸಿಲಿಗೆ ಹಾಕಬೇಡಿ, ಬೇವಿನ ಎಣ್ಣೆಯ ಸಾರ ಬಿಸಿಲಿಗೆ ಬೇಗ ಕೆಡುತ್ತದೆ.

ಎಣ್ಣೆ ಜಾಸ್ತಿ ಆದರೆ ಬೀಜದ ಮೇಲೆ ಪದರ ಕಟ್ಟಿ ನೀರು ಒಳಗೆ ಹೋಗುವುದಿಲ್ಲ, ಮೊಳಕೆ ಕುಂಠಿತವಾಗುತ್ತದೆ. ಹಾಗಾಗಿ ಮೊದಲು ಇಪ್ಪತ್ತು ಬೀಜಕ್ಕೆ ಲೇಪ ಹಚ್ಚಿ, ಹಚ್ಚದ ಇಪ್ಪತ್ತು ಬೀಜವನ್ನೂ ಪಕ್ಕದಲ್ಲಿಟ್ಟು, ಒದ್ದೆ ಗೋಣಿಚೀಲದಲ್ಲಿ ಸುತ್ತಿ ಮೊಳಕೆ ನೋಡಿ. ಎರಡೂ ಹೆಚ್ಚುಕಮ್ಮಿ ಒಂದೇ ಸಮ ಬಂದರೆ ಆ ಅಳತೆ ಸರಿ.

ಕೈಗವಸು, ಮೂಗಿಗೆ ಬಟ್ಟೆ, ಕಣ್ಣಿಗೆ ಕನ್ನಡಕ ಮರೆಯಬೇಡಿ. ಶಾಲೆ ಮಕ್ಕಳ ಜೊತೆ ಬೀಜ ಹಾಕಲು ಹೋಗುವುದಾದರೆ ಲೇಪದ ಕೆಲಸ ದೊಡ್ಡವರೇ ಮುಗಿಸಿರಬೇಕು. ಮಕ್ಕಳು ಆ ಕೈಯಲ್ಲೇ ಕಣ್ಣು ಉಜ್ಜಿಕೊಳ್ಳುತ್ತಾರೆ.

ಬಿಸಿನೀರಿನ ಉಪಚಾರ ಮೊದಲೋ, ಲೇಪ ಮೊದಲೋ?

ಬಿಸಿನೀರು ಮೊದಲು. ಜಾಲಿ, ಬಾಗೆ, ಹುಣಸೆಯಂಥ ಗಟ್ಟಿ ಸಿಪ್ಪೆಯ ಬೀಜವನ್ನು, ಒಲೆಯಿಂದ ಇಳಿಸಿದ ಬಿಸಿನೀರಿಗೆ ಹಾಕಿ ಅದೇ ನೀರು ಆರುವವರೆಗೆ ಬಿಡಿ, ರಾತ್ರಿಯಿಡೀ ಇದ್ದರೂ ಆಗುತ್ತದೆ. ಆಮೇಲೆ ನೆರಳಲ್ಲಿ ಮೇಲಿನ ಪಸೆ ಆರಿಸಿ ಲೇಪ ಹಚ್ಚಿ, ತಡ ಮಾಡದೆ ಊರಿ. ನೆನೆದ ಬೀಜ ಇಟ್ಟುಕೊಂಡು ಕೂತರೆ ಕೊಳೆಯುತ್ತದೆ.

ಅಂಟಿಗೆ ಬೆಲ್ಲದ ನೀರು ಬಳಸಬಹುದಾ? ಶೇಂಗಾಕ್ಕೆ, ತೊಗರಿಗೆ ಹಾಗೇ ಮಾಡ್ತೀವಲ್ಲ.

ಬೇಡ. ಹೊಲದಲ್ಲಿ ಜೀವಾಣು ಗೊಬ್ಬರ ಅಂಟಿಸಲು ಬೆಲ್ಲ ಸರಿ. ಗುಡ್ಡದ ಬುಡದಲ್ಲಿ ಬೆಲ್ಲದ ವಾಸನೆಗೆ ಇರುವೆ ಬರುತ್ತದೆ, ಹಂದಿ ಬರುತ್ತದೆ, ಚಿತ್ರದುರ್ಗದ ಜೋಗಿಮಟ್ಟಿ ಕಾಡಿನ ಸುತ್ತಮುತ್ತ ಆದರೆ ಕರಡಿಯೂ ಬಂದೀತು. ಜೀವಾಮೃತದಲ್ಲಿ ಅದ್ದುವುದೂ ಇದೇ ಕಾರಣಕ್ಕೆ ಬೇಡ, ಅದರಲ್ಲಿ ಬೆಲ್ಲವೂ ಇದೆ, ದ್ವಿದಳ ಹಿಟ್ಟೂ ಇದೆ. ಗಂಜಿ ಇಲ್ಲದಿದ್ದರೆ ಜಾಲಿ ಅಂಟು ನೆನೆಸಿ ಬಳಸಿ.

ಹಾಗಾದರೆ ನವಿಲಿಗೆ ಏನು ಮಾಡೋದು?

ಆಳ ಮತ್ತು ಮುಳ್ಳು. ಬೀಜದ ದಪ್ಪದ ಎರಡು ಮೂರು ಪಟ್ಟು ಆಳಕ್ಕೆ ಊರಿ, ಮೇಲೆ ಜಾಲಿ ಮುಳ್ಳಿನ ಕೊಂಬೆ ಅಡ್ಡ ಇಟ್ಟು ಕಲ್ಲು ಹೇರಿ. ನಮ್ಮ ಜಿಲ್ಲೆಗಳಲ್ಲಿ ಕಲ್ಲಿಗೂ ಮುಳ್ಳಿಗೂ ಬರ ಇಲ್ಲ. ಹಕ್ಕಿಗಳಿಗೆಂದೇ ಬೇರೆ ರಾಸಾಯನಿಕಗಳಿವೆ. ಅಮೆರಿಕದ ಲೂಸಿಯಾನಾದಲ್ಲಿ 1950ರ ದಶಕದಲ್ಲಿ ಪೈನ್ ಬೀಜವನ್ನು ನೇರ ಬಿತ್ತುವಾಗ ಆಂಥ್ರಾಕ್ವಿನೋನ್, ಥೈರಾಮ್ ಲೇಪ ಹಚ್ಚಿ ಹಕ್ಕಿ ತಡೆದರು. ಆಂಥ್ರಾಕ್ವಿನೋನ್ ತಿಂದ ಹಕ್ಕಿಗೆ ಹೊಟ್ಟೆ ತೊಳೆಸುತ್ತದೆ, ಮುಂದೆ ಅದು ಆ ಬೀಜ ಮುಟ್ಟುವುದಿಲ್ಲ. ಆದರೆ ಬದುವಿನಲ್ಲಿ ನಾಲ್ಕು ಬುಟ್ಟಿ ಬೀಜ ಊರುವ ನಮಗೆ ಅಷ್ಟೆಲ್ಲ ಬೇಕಿಲ್ಲ, ಮುಳ್ಳು ಸಾಕು.

ಬೂದಿ, ಗಂಜಲ, ಕ್ಷೌರದಂಗಡಿಯ ಕೂದಲು, ಕೊಳೆತ ಮೊಟ್ಟೆ… ಇವೆಲ್ಲ?

ಬೂದಿ, ಸಗಣಿ ಬೀಜದ ವಾಸನೆಯನ್ನು ಸ್ವಲ್ಪ ಮುಚ್ಚುತ್ತವೆ, ಓಡಿಸುವುದಿಲ್ಲ. ಲೇಪದ ಜೊತೆಗೆ ಇರಲಿ, ಅದೊಂದೇ ಸಾಲದು. ಗಂಜಲದ ಘಾಟು ಒಂದು ಮಳೆಗೆ ಹೋಗುತ್ತದೆ. ಕೂದಲು ಹಂದಿಯ ಮೂಗಿಗೆ ಕಿರಿಕಿರಿ ಮಾಡುತ್ತದೆ ಅಂತ ಮೆಕ್ಕೆಜೋಳದ ಹೊಲದ ಸುತ್ತ ಉದುರಿಸುವವರು ದಾವಣಗೆರೆ ಕಡೆ ಬೇಕಾದಷ್ಟು ಜನ ಇದ್ದಾರೆ, ಒಣ ದಿನಗಳಲ್ಲಿ ಸ್ವಲ್ಪ ಕಾಲ ಸಹಾಯ ಆಗಬಹುದು, ಆದರೆ ನಾವು ಬೀಜ ಊರುವುದೇ ಮಳೆಯಲ್ಲಿ, ಕೂದಲು ಕೆಸರಲ್ಲಿ ಸೇರಿಹೋಗುತ್ತದೆ. ಕೊಳೆತ ಮೊಟ್ಟೆಯ ವಾಸನೆ ಜಿಂಕೆಯಂಥ ಪ್ರಾಣಿಗಳಿಗೆ ಹಿಡಿಸುವುದಿಲ್ಲ, ನಿಜ. ಅದೇ ವಾಸನೆಗೆ ನರಿ, ನಾಯಿ ಬಂದು ತೋಡುತ್ತವೆ. ಬೀಜದ ಗುಣಿಗೆ ಅದು ಬೇಡ.

ಯಾವ ವಾಸನೆಯನ್ನಾದರೂ ಸರಿ, ತಿಂಗಳುಗಟ್ಟಲೆ ಒಂದೇ ಬಳಸಿದರೆ ಪ್ರಾಣಿಗಳು ಅದಕ್ಕೆ ಒಗ್ಗಿಕೊಳ್ಳುತ್ತವೆ. ಏನೂ ಅಪಾಯ ಇಲ್ಲ ಅಂತ ಅವಕ್ಕೆ ಗೊತ್ತಾಗಿಬಿಡುತ್ತದೆ.

ಹರಳು ಹಿಂಡಿಯ ಬಗ್ಗೆ ಒಂದು ಎಚ್ಚರಿಕೆ. ಗೊಬ್ಬರ ಅಂತ ಗುಣಿಗೆ ಹಾಕುವವರಿದ್ದಾರೆ. ಅದರಲ್ಲಿ ವಿಷ ಇದೆ, ಆದರೂ ವಾಸನೆ ಹಿಡಿದು ನಾಯಿಗಳು ತಿನ್ನುತ್ತವೆ, ಸಾಯುತ್ತವೆ. ಹೊಂಗೆ ಹಿಂಡಿ, ಬೇವಿನ ಹಿಂಡಿ ಹಾಕಿ.

ಯಾವ ಬೀಜಕ್ಕೆ ಲೇಪ ಬೇಕೇ ಬೇಕು, ಯಾವುದಕ್ಕೆ ಬೇಡ?

ಹೊಂಗೆ ಬೀಜ ಕಹಿ, ಅದರ ಪಾಡಿಗೆ ಅದು ಉಳಿಯುತ್ತದೆ. ಅಂಟುವಾಳಕ್ಕೆ ನೊರೆಯ ರಕ್ಷಣೆ ಇದೆ, ಸಿಪ್ಪೆಯೂ ಕಲ್ಲಿನ ಹಾಗೆ. ಸೀತಾಫಲದ ಬೀಜದಲ್ಲೇ ವಿಷ ಇದೆ, ಹಾಗಾಗಿ ಹಣ್ಣು ತಿನ್ನುವ ಪ್ರಾಣಿ ಬೀಜ ಬಿಡುತ್ತದೆ. ಇವಕ್ಕೆ ಲೇಪದ ಖರ್ಚು ಬೇಡ. ಸೀತಾಫಲದ ಬೀಜ ಪುಡಿ ಮಾಡಿ ಬೇರೆ ಬೀಜಕ್ಕೆ ಹಚ್ಚಿದರೆ ಹೇಗೆ ಅಂತ ಕೇಳುತ್ತಾರೆ. ದಯವಿಟ್ಟು ಬೇಡ. ತಲೆಹೇನಿಗೆ ಅಂತ ಆ ಪುಡಿ ಹಚ್ಚಿಕೊಂಡು ಕಣ್ಣಿಗೆ ತಾಗಿ ಕಣ್ಣು ಹುಣ್ಣಾದವರಿದ್ದಾರೆ.

ಹುಣಸೆ, ಹಿಪ್ಪೆ, ಹಲಸು, ಮಾವು ಇವುಗಳೊಳಗೆ ಹಿಟ್ಟೋ ಎಣ್ಣೆಯೋ ತುಂಬಿರುತ್ತದೆ, ಇವೇ ಮೊದಲು ಹೋಗುವುದು. ನೇರಳೆಯ ಬೀಜಕ್ಕೆ ಹಣ್ಣಿನ ತಿರುಳು ಅಂಟಿದ್ದರೆ ಮುಗಿಯಿತು. ತಿರುಳು ಪೂರ್ತಿ ತೊಳೆದು ಆಮೇಲೆ ಲೇಪ ಹಚ್ಚಬೇಕು. ನೇರಳೆ, ಬೇವು ಎರಡೂ ಬಹಳ ದಿನ ಬಾಳುವ ಬೀಜವಲ್ಲ, ಹಣ್ಣಾದ ಕೆಲವೇ ವಾರಗಳಲ್ಲಿ ಮಣ್ಣು ಸೇರಬೇಕು.

ಶ್ರೀಗಂಧ ಊರಬೇಕು ಅಂತಿದ್ದೀನಿ. ಇಲಿ ಬಿಡ್ತಿಲ್ಲ.

ಗಂಧದ ಬೀಜದಲ್ಲಿ ಎಣ್ಣೆ ಇದೆ, ಇಲಿಗೆ ಪ್ರೀತಿ. ಮೊಳೆಯಲು ತಿಂಗಳುಗಳೇ ಹಿಡಿಯುವುದರಿಂದ ಖಾರದ ಲೇಪ ಅಷ್ಟು ದಿನ ಕಾಯುವುದಿಲ್ಲ. ಅರಣ್ಯದ ಹಳೇ ಪದ್ಧತಿಯೇ ಇಲ್ಲಿ ಒಳ್ಳೆಯದು. ಕಾರೆ, ಕವಳೆಯಂಥ ಮುಳ್ಳಿನ ಪೊದೆಯ ಬುಡಕ್ಕೆ ಉದ್ದನೆಯ ಬಿದಿರಿನ ಕೊಳವೆ ತೂರಿಸಿ, ಅದರೊಳಗಿಂದ ನಾಲ್ಕೈದು ಬೀಜ ಇಳಿಸುವುದು. ಪೊದೆ ಕಾವಲೂ ಆಗುತ್ತದೆ, ನೆರಳೂ ಆಗುತ್ತದೆ. ಗಂಧ ಪಕ್ಕದ ಗಿಡದ ಬೇರಿನಿಂದ ಆಹಾರ ಹೀರಿ ಬದುಕುವ ಮರವಾದ್ದರಿಂದ ಆ ಪೊದೆಯೇ ಅದಕ್ಕೆ ಆಸರೆಯೂ ಹೌದು. ಹಣ್ಣು ತಿಂದ ಪಿಕಳಾರ, ಕೋಗಿಲೆ ಬೀಜ ಬೀಳಿಸುವುದೂ ಇಂಥ ಪೊದೆಯ ಕೆಳಗೇ. ಕರ್ನಾಟಕದಲ್ಲಿ 2001ರ ಕಾನೂನು ತಿದ್ದುಪಡಿಯಿಂದ ಸ್ವಂತ ಜಮೀನಿನ ಗಂಧಕ್ಕೆ ರೈತನೇ ಒಡೆಯ, ಹಾಗಾಗಿ ಬದುವಿನಲ್ಲಿ ಧೈರ್ಯವಾಗಿ ಊರಿ.

ಹಿಂದೆ ಇಲಿಗೆ ಅಂತ ಬೀಜಕ್ಕೆ ಕೆಂಪು ಸೀಸದ ಪುಡಿ ಬಳಿಯುತ್ತಿದ್ದರು. ಸೀಸ ಮಣ್ಣಿನಲ್ಲಿ ಉಳಿಯುತ್ತದೆ, ಹಚ್ಚುವವರ ಮೈಗೂ ಸೇರುತ್ತದೆ. ಇವತ್ತು ಅದನ್ನು ಮಾಡಬಾರದು.

ಬೀಜದುಂಡೆ ಮಾಡಿದರೆ ಮದ್ದು ಬೇಡ ಅಂತಾರೆ, ಹೌದಾ?

ಅರ್ಧ ಹೌದು. ಜೇಡಿಮಣ್ಣಿನ ಪದರ ಹಕ್ಕಿ, ಇರುವೆಯಿಂದ ಚೆನ್ನಾಗಿ ಕಾಯುತ್ತದೆ. ಜಪಾನಿನ ಮಸನೋಬು ಫುಕುವೋಕಾ ಮಣ್ಣಿನುಂಡೆ ಬಳಸಿದ್ದೂ ಅದಕ್ಕೇ. ಆದರೆ ಅವರು ಉಂಡೆ ಮಾಡಿದ್ದು ಹೆಚ್ಚಾಗಿ ಭತ್ತ, ಗೋಧಿ, ತರಕಾರಿಯಂಥ ಸಣ್ಣ ಬೀಜಕ್ಕೆ. ನಾವು ಹುಣಸೆ ಬೀಜ ಹಾಕಿ, ಗೊಬ್ಬರ ಸೇರಿಸಿ, ಬಂಡೆ ಮೇಲೆ ಎಸೆದು ಬರುತ್ತೇವೆ. ಮಳೆಗೆ ಉಂಡೆ ಕರಗುತ್ತದೆ, ಬೀಜ ಬಯಲಲ್ಲಿ ಬೀಳುತ್ತದೆ, ಇಲಿ ಎತ್ತಿಕೊಂಡು ಹೋಗುತ್ತದೆ. ಉಂಡೆ ಮಾಡುವ ಮಣ್ಣಿಗೇ ಖಾರದ ಪುಡಿ, ಬೇವಿನ ಹಿಂಡಿ ಸೇರಿಸಿ. ಎಸೆಯಬೇಡಿ, ಹಾರೆಯಲ್ಲಿ ಒಂದು ಏಟು ಹಾಕಿ ಅದರೊಳಗೆ ಕೂರಿಸಿ. ನಮಗೆ ಸಾವಿರ ಉಂಡೆ ಎಸೆದ ಫೋಟೋಗಿಂತ ನೂರು ಉಂಡೆ ಊರಿದ ಕೆಲಸ ಇಷ್ಟ.

ತಿಮೆಟ್ ಸ್ವಲ್ಪ ಹಾಕಿದರೆ ಹತ್ತಿರಾನೂ ಬರಲ್ಲ ಅಂತ ಅಂಗಡಿಯವರು ಹೇಳ್ತಾರೆ.

ಬೇಡ. ಇದರಲ್ಲಿ ಎರಡನೇ ಮಾತಿಲ್ಲ.

ತಿಮೆಟ್ ಅಂತ ಕರೆಯುವುದು ಫೋರೇಟ್ ಹರಳನ್ನು. ಅದು ಪ್ರಾಣಿ ಓಡಿಸುವ ಮದ್ದಲ್ಲ, ಕೊಲ್ಲುವ ವಿಷ. 2020ರ ಡಿಸೆಂಬರ್ 31ರಿಂದ ದೇಶದಲ್ಲಿ ಅದಕ್ಕೆ ನಿಷೇಧ ಇದೆ. ಹಳೇ ಡಬ್ಬ ಮನೆಯ ಅಟ್ಟದಲ್ಲಿ ಉಳಿದಿದ್ದರೂ ಗುಣಿಗೆ ತರಬೇಡಿ. ಅಮೆರಿಕದ ಆ ಪೈನ್ ಬೀಜಗಳಿಗೂ ಇಲಿಗೆ ಅಂತ ಎಂಡ್ರಿನ್ ಅನ್ನುವ ವಿಷ ಸೇರಿಸುತ್ತಿದ್ದರು. ಆಮೇಲೆ ಅದು ಮಣ್ಣಿನಲ್ಲಿ ಎಷ್ಟು ಕಾಲ ಉಳಿಯುತ್ತದೆ, ಮೀನು, ಹಕ್ಕಿಗಳಿಗೆ ಏನು ಮಾಡುತ್ತದೆ ಅನ್ನುವುದು ಗೊತ್ತಾಗಿ ಕೈಬಿಟ್ಟರು. ಭಾರತದಲ್ಲಿ 1990ರಲ್ಲೇ ನಿಷೇಧ ಆಯಿತು.

ವಿಷ ತಿಂದ ಇಲಿ ಅಲ್ಲೇ ಸಾಯುವುದಿಲ್ಲ. ತೂರಾಡುತ್ತಾ ಬಯಲಿಗೆ ಬರುತ್ತದೆ, ಗೂಬೆ ಎತ್ತುತ್ತದೆ, ನರಿ ತಿನ್ನುತ್ತದೆ, ಕುರಿಗಾಹಿಯ ನಾಯಿ ತಿನ್ನುತ್ತದೆ. ಇಲಿ ಹಿಡಿಯುವವರನ್ನೇ ಕೊಂದ ಮೇಲೆ ಮುಂದಿನ ವರ್ಷ ಇಲಿ ಇನ್ನೂ ಜಾಸ್ತಿ. ಕಾನೂನಿನ ಮಾತೂ ಇದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಪ್ರಾಣಿಗೆ ವಿಷ ಇಡುವುದೂ ಬೇಟೆಯೇ. ನವಿಲು, ಕರಡಿ, ಕೊಂಡುಕುರಿ (ನಾಲ್ಕು ಕೊಂಬಿನ ಹುಲ್ಲೆ) ಮೂರೂ ಮೊದಲ ಅನುಸೂಚಿಯಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿವೆ. 2022ರ ತಿದ್ದುಪಡಿಯಲ್ಲಿ ಕಾಡುಹಂದಿಯನ್ನು ಎರಡನೇ ಅನುಸೂಚಿಗೆ ಸೇರಿಸಿದ್ದಾರೆ. ಉರುಳು, ಕರೆಂಟ್ ತಂತಿ, ಸಿಡಿಮದ್ದು ಇವೂ ಅಷ್ಟೇ, ಹಂದಿಗೆ ಅಂತ ಇಟ್ಟ ತಂತಿಗೆ ಮನುಷ್ಯರೇ ಸಿಕ್ಕಿ ಸಾಯುತ್ತಾರೆ.

ಕಾಡು ಬೆಳೆಯಲಿ ಅಂತ ಬೀಜ ಊರುತ್ತೇವೆ. ಕಾಡಿನ ಜೀವಗಳನ್ನು ಕೊಂದು ಆ ಕೆಲಸ ಮಾಡಲು ನಮಗೆ ಮನಸ್ಸು ಬರುವುದಿಲ್ಲ.

ಯಾವ ಮಳೆಗೆ ಊರೋದು ಒಳ್ಳೆಯದು?

ಚಳ್ಳಕೆರೆ, ಹಿರಿಯೂರು, ಮೊಳಕಾಲ್ಮೂರು ಕಡೆ ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ, ಅದರಲ್ಲೂ ಸೆಪ್ಟೆಂಬರ್, ಅಕ್ಟೋಬರಿನದ್ದೇ ದೊಡ್ಡ ಪಾಲು. ಭರಣಿ, ಕೃತ್ತಿಕೆ ಮಳೆಗೆ ಆಸೆಪಟ್ಟು ಊರಿದರೆ ಬೀಜ ನೆನೆದು ವಾಸನೆ ಬಿಡುತ್ತದೆ, ಮುಂದಿನ ಮಳೆ ಬರುವಷ್ಟರಲ್ಲಿ ಮದ್ದಿನ ಅವಧಿಯೂ ಮುಗಿದಿರುತ್ತದೆ. ಚನ್ನಗಿರಿ, ಹೊನ್ನಾಳಿ ಕಡೆ ಆರಿದ್ರಾ, ಪುನರ್ವಸು ಸರಿ. ಒಣ ತಾಲೂಕುಗಳಲ್ಲಿ ಬಹಳ ದಿನ ಇಡಬಹುದಾದ ಜಾಲಿ, ಹುಣಸೆ, ಕಮರದಂಥ ಬೀಜವನ್ನು ಹುಬ್ಬೆ, ಉತ್ತರೆವರೆಗೂ ತಡೆದು ಊರಬಹುದು. ನೆಲ ಒಂದು ಗೇಣು ನೆನೆದಿರಬೇಕು, ಮೋಡ ಇನ್ನೂ ಕಟ್ಟಿರಬೇಕು, ಅಂಥ ದಿನ ನೋಡಿ. ಧಾರಾಕಾರ ಸುರಿಯುವ ದಿನ ಬೇಡ, ಲೇಪ ತೊಳೆದು ಹೋಗುತ್ತದೆ.

ಮೊಳಕೆ ಬಂತು, ಈಗ ಎಲೆ ತಿಂತಿವೆ!

ಹುಣಸೆಯ ಬೇಳೆ ಮೊಳಕೆಯ ಜೊತೆ ನೆಲದ ಮೇಲೆ ಬರುತ್ತದೆ, ದಪ್ಪಗೆ ಎದ್ದು ಕಾಣುತ್ತದೆ, ನವಿಲು, ಮೊಲ ಬಿಡುವುದಿಲ್ಲ. ಹೊಂಗೆಯ ಬೇಳೆ ಮಣ್ಣೊಳಗೇ ಉಳಿಯುವುದರಿಂದ ತುದಿ ಕಡಿದರೂ ಮತ್ತೆ ಚಿಗುರುತ್ತದೆ. ಹುಣಸೆಗೆ ಮುಳ್ಳಿನ ಹೊದಿಕೆಯನ್ನು ಮೊಳಕೆ ಬಂದ ಮೇಲೂ ತೆಗೆಯಬೇಡಿ. ಎಲೆಗೆ ಖಾರದೆಣ್ಣೆ ಹೊಡೆಯಬೇಡಿ, ಎಳೆ ಎಲೆ ಸುಡುತ್ತದೆ. ಕುರಿ, ಮೇಕೆಗೆ ಮದ್ದಿಲ್ಲ. ಹಟ್ಟಿಯವರ ಹತ್ತಿರ ಹೋಗಿ, ಅಣ್ಣಾ, ಈ ಎರಡು ವರ್ಷ ಈ ಪಟ್ಟಿ ಬಿಟ್ಟು ಮೇಯಿಸಿ ಅಂತ ಕೇಳಿಕೊಳ್ಳಿ. ಹೇಳಿದರೆ ಕೇಳುವ ಜನ ಅವರು, ಆ ನೆಲ ನಮಗಿಂತ ಚೆನ್ನಾಗಿ ಅವರಿಗೇ ಗೊತ್ತು.

ಎಲ್ಲಿ ಬೇಕಾದರೂ ಊರಬಹುದಾ?

ಇಲ್ಲ. ಮೀಸಲು ಅರಣ್ಯ, ಜೋಗಿಮಟ್ಟಿ, ಜಗಳೂರಿನ ರಂಗಯ್ಯನದುರ್ಗದ ಕೊಂಡುಕುರಿ ವನ್ಯಧಾಮ ಇಲ್ಲೆಲ್ಲ ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ಒಳಗೆ ಕಾಲಿಡಬೇಡಿ, ಮದ್ದಂತೂ ಒಯ್ಯಲೇಬೇಡಿ. ಚಳ್ಳಕೆರೆ ಕಡೆಯ ಅಮೃತ್ ಮಹಲ್ ಕಾವಲಿನಂಥ ಹುಲ್ಲುಗಾವಲು ಬೋಳು ನೆಲ ಅಲ್ಲ. ಕೃಷ್ಣಮೃಗ, ತೋಳ, ನೆಲದಲ್ಲಿ ಗೂಡು ಮಾಡುವ ಹಕ್ಕಿಗಳ ಮನೆ ಅದು, ಅಲ್ಲಿ ಮರ ಬೇಡ. ಬಳ್ಳಾರಿ ಜಾಲಿ, ಸುಬಾಬುಲ್ ಬೀಜ ಎಲ್ಲಿಯೂ ಬೇಡ.

ಪ್ರಾಣಿ ತಿಂದರೆ ತಿನ್ನಲಿ ಬಿಡಿ, ಕಾಡು ಬೆಳೆಸೋದು ಅವೇ ಅಲ್ವಾ?

ಒಳ್ಳೆಯ ಪ್ರಶ್ನೆ. ಹಣ್ಣು ತಿಂದು ಬೀಜ ಬೀಳಿಸುವ ಪ್ರಾಣಿ ಬೇರೆ, ಬೀಜವನ್ನೇ ಅಗಿದು ಮುಗಿಸುವ ಪ್ರಾಣಿ ಬೇರೆ. ಕರಡಿ ಕಕ್ಕೆಕಾಯಿ, ಬಾರೆಹಣ್ಣು, ನೇರಳೆ ತಿಂದು ದೂರದಲ್ಲಿ ಹಿಕ್ಕೆ ಹಾಕುತ್ತದೆ, ಅದರಲ್ಲಿ ಬೀಜ ಮೊಳೆಯುತ್ತದೆ. ಜಾಲಿಕಾಯಿ ತಿಂದ ಕುರಿಯ ಹೊಟ್ಟೆಯಿಂದ ಬಂದ ಬೀಜ ಬಿಸಿನೀರಿನ ಉಪಚಾರ ಇಲ್ಲದೆಯೂ ಚೆನ್ನಾಗಿ ಹುಟ್ಟುತ್ತದೆ. ಜಾಲಿ ಬೇಕಾದವರು ಕುರಿಹಟ್ಟಿಯ ಗೊಬ್ಬರದಲ್ಲಿ ಆರಿಸಿಕೊಳ್ಳಿ. ಹಂದಿ, ಇಲಿಗಳ ಹಲ್ಲಿಗೆ ಸಿಕ್ಕ ಹುಣಸೆ, ಹಿಪ್ಪೆಗೆ ಆ ಭಾಗ್ಯ ಇಲ್ಲ. ಹಾಗಾಗಿ ನಾವು ಲೇಪ ಹಚ್ಚುವುದು ಅಂಥ ಬೀಜಕ್ಕೆ ಮಾತ್ರ, ಕಕ್ಕೆ, ಬಾರೆ, ಆಲ, ಅತ್ತಿಯನ್ನು ಅವುಗಳ ಪಾಡಿಗೆ ಬಿಡುತ್ತೇವೆ.

ಒಂದು ಗುಣಿಗೆ ಎಷ್ಟು ಬೀಜ? ಲೇಪದಿಂದ ಉಪಯೋಗ ಆಯ್ತು ಅಂತ ತಿಳಿಯೋದು ಹೇಗೆ?

ಎರಡು ಬೀಜ ಸಾಕು, ನಡುವೆ ಒಂದು ಬೆರಳು ಅಂತರ ಇರಲಿ. ಐದಾರು ಸುರಿದರೆ ವಾಸನೆ ಜಾಸ್ತಿ, ಸಿಕ್ಕಾಗ ಎಲ್ಲವೂ ಒಟ್ಟಿಗೇ ಹೋಗುತ್ತವೆ. ಪ್ರತಿ ಹತ್ತು ಗುಣಿಗೆ ಎರಡನ್ನು ಲೇಪ ಇಲ್ಲದೆ ಊರಿ, ಹತ್ತಿರದ ಕಲ್ಲಿಗೆ ಸುಣ್ಣದ ಗುರುತು ಹಾಕಿ. ಮೂರು ವಾರದ ನಂತರ ಎರಡೂ ಬಗೆಯನ್ನು ಎಣಿಸಿ. ಲೇಪ ಇದ್ದದ್ದೂ ಇಲ್ಲದ್ದೂ ಒಂದೇ ಸಮ ಹೋಗಿದ್ದರೆ ನಿಮ್ಮ ಕಡೆ ತಿನ್ನುತ್ತಿರುವುದು ಹಕ್ಕಿಯೋ ಗೆದ್ದಲೋ ಇರಬೇಕು, ಮೊದಲ ಉತ್ತರಕ್ಕೆ ಹೋಗಿ ಗುರುತು ನೋಡಿ. ಎಣಿಸಿದ್ದನ್ನು ಊರು, ಬೀಜ, ಊರಿದ ಮಳೆ ಇಷ್ಟರ ಜೊತೆ ಬರೆದು ನಮಗೂ ಕಳಿಸಿ.